ಒಲೆಯ ಮುಂದೆಯೂ ಪ್ರಾರ್ಥನೆ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಧರ್ಮಭಗಿನಿಯೊಬ್ಬರು ನೀಡಿದ ಭಾಷಣದ ಬರಹರೂಪ)



ಪ್ರತಿ ಸಲ ಉಳಿತಾಯ, ಸಾಲ, ಮರುಪಾವತಿ ಅಂತಲೇ ಮಾತಾಡ್ತೀರಿ, ಈ ಸಲ ಮನಸ್ಸಿಗೆ ಏನಾದರೂ ಹೇಳಿ ಎಂದು ನಿಮ್ಮ ಪದಾಧಿಕಾರಿಗಳು ಕೇಳಿಕೊಂಡರು. ಅದಕ್ಕೆ ಈ ವಿಷಯ ಆರಿಸಿಕೊಂಡಿದ್ದೇನೆ: ದಿನನಿತ್ಯದ ಪ್ರಾರ್ಥನೆ ಮತ್ತು ದೇವರ ಸಾನ್ನಿಧ್ಯ. ಸಾನ್ನಿಧ್ಯ ಅಂದ್ರೆ ಏನೋ ದೊಡ್ಡ ಪದ ಅಂತ ಹೆದರಬೇಡಿ. ದೇವರು ಎಲ್ಲೋ ದೂರದಲ್ಲಿಲ್ಲ, ಇಲ್ಲೇ ನನ್ನ ಹತ್ತಿರ ಇದ್ದಾರೆ ಎನ್ನುವ ನೆನಪು, ಅಷ್ಟೇ.

ನಮ್ಮ ಸಂಘಗಳಲ್ಲಿ ಕ್ರೈಸ್ತರು ಮಾತ್ರ ಇಲ್ಲ. ಹಿಂದೂ ಅಕ್ಕಂದಿರಿದ್ದಾರೆ, ಮುಸ್ಲಿಂ ತಂಗಿಯರಿದ್ದಾರೆ. ನಾನು ಹೇಳುವುದು ನನಗೆ ಗೊತ್ತಿರುವ ಕ್ರೈಸ್ತ ಪ್ರಾರ್ಥನೆಯ ಬಗ್ಗೆ. ಯಾರೂ ತಮ್ಮ ದಾರಿ ಬಿಟ್ಟು ಈ ದಾರಿಗೆ ಬರಬೇಕೆಂದು ಅಲ್ಲ. ಕೇಳಿ, ನಿಮಗೆ ಹೊಂದುವುದು ಏನಾದರೂ ಇದ್ದರೆ ಇಟ್ಟುಕೊಳ್ಳಿ.

ಮನೆ ಭೇಟಿಗೆ ಹೋದಾಗ ನಾನು ಅತಿ ಹೆಚ್ಚು ಕೇಳುವ ಮಾತು ಒಂದೇ. "ಸಿಸ್ಟರ್, ನಮಗೆ ಪ್ರಾರ್ಥನೆ ಮಾಡಕ್ಕೆ ಪುರುಸೊತ್ತೆಲ್ಲಿದೆ?" ಈ ಮಾತು ಸುಳ್ಳಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಹಚ್ಚಿ, ಹಂಡೆಗೆ ನೀರು ತುಂಬಿ, ರೊಟ್ಟಿ ತಟ್ಟಿ, ಮಕ್ಕಳ ತಲೆ ಬಾಚಿ, ಗಂಡನಿಗೆ ಬುತ್ತಿ ಕಟ್ಟಿ, ತೋಟದ ಗಂಟೆ ಹೊಡೆಯುವುದರೊಳಗೆ ಅಲ್ಲಿರಬೇಕು. ಕಾಫಿ ಕೊಯ್ಲಿನ ತಿಂಗಳುಗಳಲ್ಲಂತೂ ಬೆನ್ನು ನೆಟ್ಟಗೆ ಮಾಡಲು ಸಮಯ ಇಲ್ಲ. ಸಂಜೆ ಬಂದರೆ ಮತ್ತೆ ಅದೇ ಒಲೆ, ಅದೇ ಪಾತ್ರೆ. ರಾತ್ರಿ ಜಪಸರ ಕೈಗೆ ತೆಗೆದುಕೊಂಡರೆ ಎರಡನೆಯ ರಹಸ್ಯಕ್ಕೆ ಬರುವುದರೊಳಗೆ ಕಣ್ಣು ಮುಚ್ಚಿಹೋಗುತ್ತದೆ. ಆಮೇಲೆ ಇವರಿಗೇ ಒಂದು ಅಪರಾಧ ಭಾವನೆ. "ನಾನು ಭಕ್ತಿ ಇಲ್ಲದವಳು ಸಿಸ್ಟರ್" ಅಂತಾರೆ. ಹೆಂಗಸಿಗೆ ಕೂರಲು ಪುರುಸೊತ್ತು ಕೊಡದೆ, ನಂತರ ನಿನಗೆ ಭಕ್ತಿ ಸಾಲದು ಎಂದು ಅವಳಿಗೇ ಅನ್ನಿಸುವಂತೆ ಮಾಡುವುದು ನ್ಯಾಯವೇ? ನನಗೆ ಹಾಗೆ ಕಾಣುವುದಿಲ್ಲ. ಆದ್ದರಿಂದ ಇವತ್ತು ಪುರುಸೊತ್ತಿಲ್ಲದವರ ಪ್ರಾರ್ಥನೆ ಬಗ್ಗೆ ಮಾತನಾಡೋಣ.

ಒಬ್ಬ ಅಡುಗೆಯವರ ಕಥೆ ಹೇಳ್ತೀನಿ. ನಿಮ್ಮಲ್ಲಿ ಎಷ್ಟೋ ಜನ ಮಂಗಳೂರಿನ ಬಿಕರ್ನಕಟ್ಟೆಯ ಬಾಲಯೇಸು ಪುಣ್ಯಕ್ಷೇತ್ರಕ್ಕೆ ಹೋಗಿದ್ದೀರಿ. ಅದನ್ನು ನೋಡಿಕೊಳ್ಳುವ ಕಾರ್ಮೆಲ್ ಗುರುಗಳ ಸಭೆಗೆ ಸೇರಿದವರೇ ಇವರೂ. ಆದರೆ ಕಾಲ ಬೇರೆ, ದೇಶ ಬೇರೆ. ಫ್ರಾನ್ಸ್ ದೇಶದ ಪ್ಯಾರಿಸ್ ಪಟ್ಟಣ, ಹೆಚ್ಚುಕಡಿಮೆ 400 ವರ್ಷಗಳ ಹಿಂದಿನ ಮಾತು. ಅವರ ಹುಟ್ಟು ಹೆಸರು ನಿಕೋಲಸ್ ಹರ್ಮನ್. ಬಡವರ ಮನೆಯ ಮಗ. ಹೊಟ್ಟೆಪಾಡಿಗೆ ಸೈನ್ಯಕ್ಕೆ ಸೇರಿದರು, ಯುದ್ಧದಲ್ಲಿ ಗಾಯವಾಗಿ ಕಾಲು ಕುಂಟಾಯಿತು. ಆಮೇಲೆ ಒಬ್ಬ ಸಾಹುಕಾರರ ಮನೆಯಲ್ಲಿ ಆಳಾಗಿದ್ದರು. ಕೈಗೆ ಸಿಕ್ಕಿದ್ದೆಲ್ಲಾ ಬೀಳಿಸಿ ಒಡೆದು ಹಾಕುತ್ತಿದ್ದ ದಡ್ಡ ಆಳು ನಾನು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. 1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠಕ್ಕೆ ಸೇರಿದರು. ಓದು ಕಡಿಮೆ, ಹಾಗಾಗಿ ಗುರುಪಟ್ಟ ಇಲ್ಲ, ಬ್ರದರ್ ಆಗಿಯೇ ಉಳಿದರು. ಬ್ರದರ್ ಲಾರೆನ್ಸ್ ಎಂದು ಹೆಸರಾಯಿತು. ಮಠದಲ್ಲಿ ಕೊಟ್ಟ ಕೆಲಸ ಅಡುಗೆ.

ಇಲ್ಲಿ ಒಂದು ವಿಷಯ ಗಮನಿಸಿ. ಅಡುಗೆ ಕೆಲಸ ಅವರಿಗೆ ಇಷ್ಟವೇ ಇರಲಿಲ್ಲ. ಸಂತರ ಕಥೆಗಳಲ್ಲಿ ಎಲ್ಲರೂ ಎಲ್ಲಾ ಕೆಲಸವನ್ನೂ ನಗುನಗುತ್ತಾ ಮಾಡಿದರು ಅಂತ ಬರೆದಿರುತ್ತದೆ, ಓದುವವರಿಗೆ ಸ್ವಲ್ಪ ಬೇಜಾರಾಗುತ್ತದೆ. ಇವರು ಹಾಗಲ್ಲ. ಇಷ್ಟವಿಲ್ಲದ ಕೆಲಸವನ್ನು 15 ವರ್ಷ ಮಾಡಿದರು. ಆದರೆ ಒಂದು ಅಭ್ಯಾಸ ಹಾಕಿಕೊಂಡರು. ಕೆಲಸ ಶುರು ಮಾಡುವಾಗ ದೇವರಿಗೆ ಒಂದು ಮಾತು ಹೇಳುವುದು, ನೀವು ನನ್ನ ಜೊತೆ ಇರಿ ಅಂತ. ಕೆಲಸದ ನಡುವೆ ಪಕ್ಕದಲ್ಲಿ ಇರುವವರ ಜೊತೆ ಮಾತಾಡಿದ ಹಾಗೆ ಆಗಾಗ ದೇವರ ಜೊತೆ ಮಾತಾಡುವುದು. ಕೆಲಸ ಮುಗಿದಾಗ ಹಿಂದಿರುಗಿ ನೋಡುವುದು. ಚೆನ್ನಾಗಿ ಆಗಿದ್ದರೆ ವಂದನೆ, ಆಗದಿದ್ದರೆ ಕ್ಷಮೆ ಕೇಳಿ ಮುಂದಕ್ಕೆ ಹೋಗುವುದು. ಬಾಣಲೆಯಲ್ಲಿ ಆಮ್ಲೆಟ್ ಮಗುಚಿ ಹಾಕುವುದನ್ನೂ ದೇವರ ಮೇಲಿನ ಪ್ರೀತಿಗಾಗಿ ಮಾಡುತ್ತೇನೆ ಎನ್ನುತ್ತಿದ್ದರು. ಬೇರೇನೂ ಮಾಡಲು ಆಗದಿದ್ದರೆ ನೆಲದ ಮೇಲಿನ ಒಂದು ಹುಲ್ಲುಕಡ್ಡಿ ಎತ್ತಿದರೂ ಅವರಿಗೆ ಸಾಕಾಗಿತ್ತು.

ಮಠದಲ್ಲಿ ಪ್ರಾರ್ಥನೆಗೆ ಬೇರೆ ಸಮಯ ಇತ್ತು, ಅವರೂ ಹೋಗುತ್ತಿದ್ದರು. ಆದರೆ ಪ್ರಾರ್ಥನಾಲಯದಲ್ಲಿ ಮೊಣಕಾಲೂರಿದಾಗ ಇದ್ದ ದೇವರು, ಅಡುಗೆಮನೆಯಲ್ಲಿ ನಾಲ್ಕು ಜನ ನಾಲ್ಕು ಕಡೆಯಿಂದ ಕೂಗುವಾಗಲೂ ಅಷ್ಟೇ ಹತ್ತಿರ ಇದ್ದಾರೆ ಎನ್ನುವುದು ಅವರ ಅನುಭವ. ಒಮ್ಮೆ ಮಠಕ್ಕೆ ಬೇಕಾದ ದ್ರಾಕ್ಷಾರಸ ಕೊಂಡು ತರಲು ಇವರನ್ನೇ ದೂರದ ಊರಿಗೆ ಕಳುಹಿಸಿದರು. ವ್ಯಾಪಾರ ಅವರಿಗೆ ಬಾರದು, ಕಾಲು ಬೇರೆ ಕುಂಟು. ದೋಣಿಯಲ್ಲಿ ನಡೆಯಲಾಗದೆ ಪೀಪಾಯಿಗಳ ಮೇಲೆ ಉರುಳಿಕೊಂಡು ಹೋದರಂತೆ! ಇದು ನಿಮ್ಮ ಕೆಲಸ ಸ್ವಾಮಿ ಎಂದು ದೇವರಿಗೆ ಹೇಳಿ ಹೊರಟರು, ಕೆಲಸ ಆಯಿತು. ಸಂಘದ ಪ್ರತಿನಿಧಿಯಾಗಿ ಮೊದಲ ಸಲ ಬ್ಯಾಂಕಿಗೆ ಹೋದಾಗ ನಿಮ್ಮಲ್ಲಿ ಕೆಲವರ ಕೈ ನಡುಗಿದ್ದು ನನಗೆ ಗೊತ್ತಿದೆ. ಮ್ಯಾನೇಜರ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕಾಯುವ ಆ ಹತ್ತು ನಿಮಿಷವೂ ಪ್ರಾರ್ಥನೆಯ ಸಮಯವೇ.

ಮುಂದೆ ಕಾಲಿನ ಹುಣ್ಣು ಜಾಸ್ತಿಯಾಗಿ ಅಡುಗೆಮನೆ ಬಿಟ್ಟು ಚಪ್ಪಲಿ ಹೊಲಿಯುವ ಕೆಲಸಕ್ಕೆ ಕೂತರು. ಅಲ್ಲಿಗೂ ದೊಡ್ಡ ದೊಡ್ಡವರು ಹುಡುಕಿಕೊಂಡು ಬಂದು ಪ್ರಾರ್ಥನೆ ಹೇಗೆ ಮಾಡಬೇಕು ಅಂತ ಕೇಳುತ್ತಿದ್ದರು. 1691ರಲ್ಲಿ ತೀರಿಕೊಂಡರು. ಅವರ ಪತ್ರಗಳನ್ನೂ ಮಾತುಗಳನ್ನೂ ಒಬ್ಬ ಗುರುಗಳು ಕೂಡಿಸಿ ಪುಸ್ತಕ ಮಾಡಿದರು. ಸಣ್ಣ ಪುಸ್ತಕ, ಇವತ್ತಿಗೂ ಲೋಕದಲ್ಲೆಲ್ಲಾ ಓದುತ್ತಾರೆ. ಬ್ರದರ್ ಲಾರೆನ್ಸ್ ಅವರಿಗೆ ಧರ್ಮಸಭೆ ಸಂತಪದವಿ ಕೊಟ್ಟಿಲ್ಲ. ಅದೂ ಒಂದು ರೀತಿ ಒಳ್ಳೆಯದೇ ಅನ್ನಿಸುತ್ತದೆ ನನಗೆ, ಪೀಠದ ಮೇಲೆ ಏರಿಸದೆ ಅಡುಗೆಮನೆಯಲ್ಲೇ ಬಿಟ್ಟಿದ್ದಾರೆ.

ಇದು ಒಂದೇ ದಿನಕ್ಕೆ ಬಂದದ್ದಲ್ಲ. ಮೊದಲ ಹತ್ತು ವರ್ಷ ಬಹಳ ಕಷ್ಟಪಟ್ಟೆ ಎಂದು ಅವರು ಹೇಳಿದ್ದಾರೆ. ಮನಸ್ಸು ಎಲ್ಲೆಲ್ಲೋ ಓಡುತ್ತಿತ್ತು. ಓಡಿದ ಮನಸ್ಸನ್ನು ಹೊಡೆದು ಬಡಿದು ತರಬೇಡಿ, ಮೆಲ್ಲಗೆ ಕರೆದುಕೊಂಡು ಬನ್ನಿ ಎನ್ನುವುದು ಅವರ ಸಲಹೆ. ದನ ಪಕ್ಕದ ಗದ್ದೆಗೆ ನುಗ್ಗಿದರೆ ನೀವು ಏನು ಮಾಡ್ತೀರಿ? ಇಡೀ ದಿನ ಅದಕ್ಕೆ ಬೈತಾ ಕೂರುವುದಿಲ್ಲ, ಹಗ್ಗ ಹಿಡಿದು ವಾಪಸ್ ತರ್ತೀರಿ. ನಾಳೆ ಮತ್ತೆ ನುಗ್ಗುತ್ತದೆ, ಮತ್ತೆ ತರ್ತೀರಿ. ಮನಸ್ಸೂ ಹಾಗೇ.

ಇಲ್ಲಿ ಮಾರ್ತಾಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಲೂಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಅಕ್ಕತಂಗಿಯರ ಮನೆಗೆ ಬರುತ್ತಾರೆ. ಮರಿಯ ಪಾದದ ಬಳಿ ಕೂತು ಮಾತು ಕೇಳುತ್ತಾಳೆ, ಮಾರ್ತಾ ಒಬ್ಬಳೇ ಉಪಚಾರದಲ್ಲಿ ಸುಸ್ತಾಗುತ್ತಾಳೆ. ಈ ಭಾಗವನ್ನು ವಿವರಿಸುವಾಗ ಅಡುಗೆ ಮಾಡುವವಳು ಕಡಿಮೆ, ಕೂತು ಕೇಳುವವಳು ಹೆಚ್ಚು ಅನ್ನುವ ಹಾಗೆ ಹೇಳಿಬಿಡುತ್ತಾರೆ. ಹೇಳಿದವರೇ ಆಮೇಲೆ ಊಟಕ್ಕೆ ಮಾರ್ತಾಳ ಮನೆಗೇ ಬರುತ್ತಾರೆ, ಅದು ಬೇರೆ ಮಾತು. ಸ್ವಾಮಿ ಆಕ್ಷೇಪಿಸಿದ್ದು ಅಡುಗೆಯನ್ನಲ್ಲ, ನೂರು ಚಿಂತೆಗಳಲ್ಲಿ ಅವಳ ಮನಸ್ಸು ಚೂರುಚೂರಾಗಿದ್ದನ್ನು. ಯೊವಾನ್ನನ ಶುಭಸಂದೇಶದ 11ನೇ ಅಧ್ಯಾಯ ಓದಿ ನೋಡಿ. ತಮ್ಮ ಲಾಜರ ಸತ್ತಾಗ ಮರಿಯ ಮನೆಯಲ್ಲೇ ಕೂತಿದ್ದಳು, ಎದ್ದು ದಾರಿಗೆ ಬಂದು ಸ್ವಾಮಿಯನ್ನು ಎದುರುಗೊಂಡವಳು ಇದೇ ಮಾರ್ತಾ. ನೀವೇ ಲೋಕೋದ್ಧಾರಕ ಎಂದು ನಂಬುತ್ತೇನೆ ಅಂತ ಅಷ್ಟು ಸ್ಪಷ್ಟವಾಗಿ ಹೇಳಿದವಳೂ ಅವಳೇ. ಪಾತ್ರೆ ತೊಳೆಯುತ್ತಲೇ ಅವಳು ಎಷ್ಟು ಕಲಿತಿದ್ದಳು ನೋಡಿ.

ಯೇಸುಸ್ವಾಮಿಗೆ ನಮ್ಮ ಕೆಲಸ ಚೆನ್ನಾಗಿ ಗೊತ್ತಿತ್ತು. ಸ್ವರ್ಗಸಾಮ್ರಾಜ್ಯ ಎಂದರೆ ಹೆಂಗಸು ಹಿಟ್ಟಿಗೆ ಬೆರೆಸಿದ ಹುಳಿಯಂತೆ ಎಂದರು. ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದು ಕಳೆದು, ದೀಪ ಹಚ್ಚಿ ಮನೆಯೆಲ್ಲಾ ಗುಡಿಸಿ ಹುಡುಕಿದವಳ ಕಥೆ ಹೇಳಿದರು. ದೇವರು ನಮ್ಮನ್ನು ಹುಡುಕುವುದನ್ನು ಹೇಳಲು ಪೊರಕೆ ಹಿಡಿದ ಹೆಂಗಸನ್ನೇ ಆರಿಸಿಕೊಂಡರು! ಸಂಘದ ಹಣ ನೋಡಿಕೊಳ್ಳುವವರಿಗೆ ಆ ಹುಡುಕಾಟದ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ. ಪುನರುತ್ಥಾನವಾದ ಮೇಲೆ ಕಡಲ ದಡದಲ್ಲಿ ತಾವೇ ಕೆಂಡ ಮಾಡಿ, ಮೀನು ಸುಟ್ಟು, ರಾತ್ರಿಯೆಲ್ಲಾ ದುಡಿದು ಬಂದ ಶಿಷ್ಯರಿಗೆ ತಿಂಡಿ ಕೊಟ್ಟರು. ಕೆಂಡದ ಮುಂದೆ ಕೂತ ದೇವರು ನಮ್ಮವರು.

ಸರಿ, ಮನೆಗೆ ಹೋಗಿ ಏನು ಮಾಡುವುದು? ಹೊಸ ಕೆಲಸ ಸೇರಿಸಲು ನಾನು ಬಂದಿಲ್ಲ. ಈಗಿರುವ ಕೆಲಸಕ್ಕೇ ಪ್ರಾರ್ಥನೆಯನ್ನು ಗಂಟು ಹಾಕಿ. ಹಿಂದೆ ನಮ್ಮ ಧರ್ಮಕೇಂದ್ರಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತ್ರಿಕಾಲ ಪ್ರಾರ್ಥನೆಯ ಗಂಟೆ ಹೊಡೆಯುತ್ತಿದ್ದರು, ಕೆಲವು ಕಡೆ ಈಗಲೂ ಇದೆ. ಗದ್ದೆಯಲ್ಲಿದ್ದವರು ಅಲ್ಲೇ ನಿಂತು ಹೇಳುತ್ತಿದ್ದರು. ಗಂಟೆ ಕೇಳಿಸದ ಊರಿನಲ್ಲಿ ತೋಟದ ಗಂಟೆಯೇ ನಿಮ್ಮ ಗಂಟೆ. ಒಲೆ ಹಚ್ಚುವಾಗ ಒಂದು ಶಿಲುಬೆಯ ಗುರುತು. ಮಗು ಶಾಲೆಗೆ ಹೊರಟಾಗ ಅದರ ಹಣೆಯ ಮೇಲೆ ಒಂದು. ನೀರಿಗೆ ಸಾಲಿನಲ್ಲಿ ನಿಂತಾಗ, ಬಸ್ಸಿಗೆ ಕಾಯುವಾಗ, "ಯೇಸುವೇ, ನನ್ನ ಮೇಲೆ ಕರುಣೆಯಿಡಿ" ಅಂತ ಉಸಿರಿನ ಜೊತೆ ಹೇಳಿಕೊಳ್ಳುವುದು. ಪೂರ್ವದೇಶದ ಕ್ರೈಸ್ತರಲ್ಲಿ ಇದು ತಲೆತಲಾಂತರದಿಂದ ಬಂದ ಪ್ರಾರ್ಥನೆ. ಜೆರಿಕೋ ದಾರಿಯಲ್ಲಿ ಕೂತಿದ್ದ ಕುರುಡ ಭಿಕ್ಷುಕ ಹೀಗೇ ಕೂಗಿಕೊಂಡಿದ್ದ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಒಂದನ್ನು ಹಿಡಿದುಕೊಳ್ಳಿ, ಒಂದು ತಿಂಗಳು ನೋಡಿ. ಉಳಿತಾಯವನ್ನೂ ನಾವು ವಾರಕ್ಕೆ ಸ್ವಲ್ಪ ಸ್ವಲ್ಪದಿಂದಲೇ ಶುರು ಮಾಡಿದ್ದಲ್ಲವೇ?

ಜಪಸರ ಹೇಳುವಾಗ ನಾಳೆಯ ಕಂತಿನ ನೆನಪು ಬರುತ್ತದೆ, ಪ್ರಾರ್ಥನೆ ಕೆಟ್ಟುಹೋಯಿತು ಎನ್ನುತ್ತೀರಿ. ಕೆಟ್ಟಿಲ್ಲ. ಆ ಕಂತನ್ನೇ ದೇವರ ಮುಂದೆ ಇಡಿ. "ಸ್ವಾಮಿ, ನಾಳೆ ಹಣ ಕಟ್ಟಬೇಕು, ಕೈಯಲ್ಲಿ ಇಲ್ಲ, ಹೆದರಿಕೆ ಆಗ್ತಿದೆ" ಅನ್ನಿ. ಇದಕ್ಕಿಂತ ನಿಜವಾದ ಪ್ರಾರ್ಥನೆ ಯಾವುದಿದೆ? ಹಾಗೆಂದು ಹಣ ಆಕಾಶದಿಂದ ಬೀಳುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಹೆದರಿಕೆ ಸ್ವಲ್ಪ ಇಳಿದರೆ ಬಚ್ಚಿಟ್ಟುಕೊಳ್ಳುವುದನ್ನು ಬಿಟ್ಟು ಸಂಘಕ್ಕೆ ಬಂದು ಇದ್ದ ವಿಷಯ ಹೇಳುವ ಧೈರ್ಯ ಬರುತ್ತದೆ. ಇನ್ನು ನಿದ್ದೆ. ಬಾಲಯೇಸುವಿನ ಸಂತ ತೆರೇಸಾ, 1897ರಲ್ಲಿ ತಮ್ಮ 24ನೇ ವಯಸ್ಸಿನಲ್ಲಿ ತೀರಿಕೊಂಡವರು, ಅವರೂ ಕಾರ್ಮೆಲ್ ಸಭೆಯವರೇ. ಪ್ರಾರ್ಥನೆಯ ಹೊತ್ತಿಗೆ ಅವರಿಗೆ ನಿದ್ದೆ ಬಂದುಬಿಡುತ್ತಿತ್ತು. ಎಚ್ಚರವಾಗಿದ್ದರೂ ನಿದ್ದೆ ಮಾಡುತ್ತಿದ್ದರೂ ತಂದೆತಾಯಿಗೆ ಮಕ್ಕಳ ಮೇಲೆ ಅಷ್ಟೇ ಪ್ರೀತಿ ಎಂದು ಸಮಾಧಾನ ಮಾಡಿಕೊಂಡಿದ್ದರು. ಮಠದೊಳಗಿದ್ದ ಅವರಿಗೇ ಹೀಗಾದರೆ, ದಿನವಿಡೀ ಕೊಯ್ಲು ಮಾಡಿ ಬಂದ ನಿಮಗೆ ನಿದ್ದೆ ಬಂದರೆ ಅದರಲ್ಲಿ ತಪ್ಪೇನು?

ರಾತ್ರಿ ಮಲಗುವ ಮುಂಚೆ ಐದು ನಿಮಿಷದ ಒಂದು ಅಭ್ಯಾಸ ಇದೆ. ಸಂತ ಇಗ್ನಾಸಿಯವರು ಇದನ್ನು ಕಲಿಸಿದವರು, 1556ರಲ್ಲಿ ತೀರಿಕೊಂಡರು. ಬೇರೆ ಪ್ರಾರ್ಥನೆಗೆ ಸಮಯ ಸಿಗದಿದ್ದರೂ ಇದನ್ನು ಬಿಡಬೇಡಿ ಎಂದು ತಮ್ಮವರಿಗೆ ಹೇಳುತ್ತಿದ್ದರು. ನಿಮಗೆ ಇದು ಸುಲಭ, ಯಾಕೆಂದರೆ ಲೆಕ್ಕ ಬರೆಯುವುದು ನಿಮಗೆ ಗೊತ್ತಿದೆ. ಇವತ್ತು ಏನು ಬಂತು? ಪಕ್ಕದ ಮನೆಯವಳು ಕೊಟ್ಟ ಸೊಪ್ಪು, ಮಗಳ ನಗು, ಜ್ವರ ಇಳಿದದ್ದು. ಮೊದಲು ಅದಕ್ಕೆ ವಂದನೆ. ಏನು ಹೋಯಿತು? ಅತ್ತೆಗೆ ಆಡಿದ ಒರಟು ಮಾತು, ಮಗನಿಗೆ ಸುಮ್ಮನೆ ಕೊಟ್ಟ ಏಟು. ಅದಕ್ಕೆ ಕ್ಷಮೆ. ನಾಳೆಗೆ ಏನು ಬೇಕು? ಅದನ್ನು ಕೇಳಿ ಮಲಗಿ. ಬಹಳ ಹೆಂಗಸರು ಖರ್ಚಿನ ಕಾಲಂ ಮಾತ್ರ ತುಂಬಿಸುತ್ತಾರೆ, ತಾನು ತಪ್ಪಿದ್ದೇ ತಪ್ಪಿದ್ದು. ಜಮಾ ಕಾಲಂ ಖಾಲಿ ಬಿಟ್ಟರೆ ಅದು ಸುಳ್ಳು ಲೆಕ್ಕ. ದೇವರು ಆ ದಿನ ನಿಮ್ಮ ಹತ್ತಿರ ಬಂದದ್ದು ಹೆಚ್ಚಾಗಿ ಕಾಣಿಸುವುದು ಜಮಾ ಕಾಲಂನಲ್ಲೇ.

ಈಗ ಸ್ವಲ್ಪ ಕಷ್ಟದ ಮಾತು. ನಮ್ಮ ಸಭೆ ಪ್ರಾರ್ಥನೆಯಿಂದ ಶುರುವಾಗುತ್ತದೆ. ಎಲ್ಲರೂ ಎದ್ದು ನಿಂತು, ಕೈ ಮುಗಿದು, ಬಹಳ ಚೆನ್ನಾಗಿ ಹಾಡುತ್ತೀರಿ. ಹತ್ತು ನಿಮಿಷ ಆದ ಮೇಲೆ ಮೂರು ಕಂತು ಬಾಕಿ ಇಟ್ಟವಳು ಒಳಗೆ ಬಂದರೆ, ಅದೇ ಬಾಯಿಂದ ಎಂಥ ಮಾತು ಬರುತ್ತದೆ ಎಂದು ನಿಮಗೇ ಗೊತ್ತು. ಹಾಡುವಾಗ ಇದ್ದ ದೇವರು ಲೆಕ್ಕದ ಪುಸ್ತಕ ತೆರೆದಾಗ ಎದ್ದು ಹೋದರೇ? ಬಾಕಿ ವಸೂಲಿ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಆ ಹಣ ಎಲ್ಲರ ಬೆವರು, ವಸೂಲಾಗಲೇಬೇಕು, ನಡಾವಳಿಯಲ್ಲಿ ಬರೆಯಲೇಬೇಕು. ಆದರೆ ಅವಳನ್ನು ಕೂರಿಸಿ, ಏನಾಯಿತಮ್ಮಾ ಅಂತ ಕೇಳಿ. ಒಂದು ಸಂಘದಲ್ಲಿ ಹೀಗೆ ಕೇಳಿದಾಗ, ಗಂಡ ಆಸ್ಪತ್ರೆಯಲ್ಲಿರುವ ವಿಷಯ ಹೊರಬಂತು. ಹದಿನೈದು ದಿನದಿಂದ ಅವಳು ಯಾರಿಗೂ ಹೇಳಿರಲಿಲ್ಲ, ಕೇಳಿದವರೂ ಇರಲಿಲ್ಲ. ಬಲಿಪೀಠದ ಮುಂದೆ ಕಾಣಿಕೆ ಇಡುವಾಗ ಸಹೋದರನ ಮನಸ್ತಾಪ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿದೆ. ಪರಲೋಕ ಮಂತ್ರವನ್ನು ನಿಧಾನವಾಗಿ ಹೇಳಿ ನೋಡಿ, ಅದರಲ್ಲಿ 'ನಾನು', 'ನನ್ನ' ಎನ್ನುವುದೇ ಇಲ್ಲ. ಅನ್ನ ಕೇಳುವುದೂ ಎಲ್ಲರಿಗೂ, ಕ್ಷಮೆ ಕೇಳುವುದೂ ಎಲ್ಲರೂ ಸೇರಿ. ಸಂಘದ ಪ್ರಾರ್ಥನೆಯನ್ನು ಯೇಸುಸ್ವಾಮಿ ಆವಾಗಲೇ ಕಲಿಸಿಬಿಟ್ಟಿದ್ದರು ಅಂತ ನಾನು ತಮಾಷೆಗೆ ಹೇಳುವುದುಂಟು.

ಇನ್ನೊಂದನ್ನು ತಮಾಷೆ ಇಲ್ಲದೆ ಹೇಳಬೇಕು. "ದೇವರು ಜೊತೆಗಿದ್ದಾರೆ, ಸಹಿಸಿಕೋ" ಎಂಬ ಮಾತನ್ನು ಹೊಡೆತ ತಿನ್ನುವ ಹೆಂಗಸಿಗೆ ಹೇಳುತ್ತಾರೆ. ಮನೆಯವರು ಹೇಳುತ್ತಾರೆ, ಕೆಲವು ಸಲ ಪ್ರಾರ್ಥನಾ ಕೂಟದವರೂ ಹೇಳುತ್ತಾರೆ. ಸಮಾಜಕಾರ್ಯದಲ್ಲಿ ಇಷ್ಟು ವರ್ಷ ಇದ್ದು ಇದರ ಫಲ ಕಣ್ಣಾರೆ ನೋಡಿದ್ದೇನೆ. ದೇವರ ಸಾನ್ನಿಧ್ಯ ಏಟಿಗೆ ಹಚ್ಚುವ ಮುಲಾಮಲ್ಲ. ಲೂಕನ 18ನೇ ಅಧ್ಯಾಯದಲ್ಲಿ, ಬೇಸರಗೊಳ್ಳದೆ ಪ್ರಾರ್ಥಿಸಬೇಕು ಎಂದು ಕಲಿಸಲು ಯೇಸುಸ್ವಾಮಿ ಯಾರ ಕಥೆ ಹೇಳಿದರು? ಮೂಲೆಯಲ್ಲಿ ಕೂತು ಅಳುವವಳದ್ದಲ್ಲ. ನ್ಯಾಯ ಕೊಡಿಸಿ ಎಂದು ನ್ಯಾಯಾಧೀಶನ ಬಾಗಿಲಿಗೆ ಮತ್ತೆ ಮತ್ತೆ ಹೋದ ವಿಧವೆಯ ಕಥೆ. ಅವಳು ನಡೆದ ಆ ಓಡಾಟವನ್ನೇ ಸ್ವಾಮಿ ಪ್ರಾರ್ಥನೆಗೆ ಮಾದರಿ ಮಾಡಿದರು. ಹಾಗಾಗಿ ಹೊಡೆತ ಬಿದ್ದ ರಾತ್ರಿ 112ಕ್ಕೆ ಫೋನ್ ಮಾಡುವುದು ನಂಬಿಕೆ ಕಡಿಮೆಯಾದದ್ದರ ಗುರುತಲ್ಲ. ಮಹಿಳಾ ಸಹಾಯವಾಣಿ 181 ಇದೆ. ಕೌಟುಂಬಿಕ ದೌರ್ಜನ್ಯದ ವಿರುದ್ಧ 2005ರ ಕಾಯ್ದೆ ಇದೆ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಹೋಗಿ ದೂರು ಕೊಡಬಹುದು. ಒಬ್ಬಳೇ ಹೋಗಲು ಹೆದರಿಕೆಯಾದರೆ ಸಂಘದ ಇಬ್ಬರು ಜೊತೆಗೆ ಹೋಗಿ. ಅವಳ ಪಕ್ಕದಲ್ಲಿ ಬಸ್ಸಿನಲ್ಲಿ ಕೂತವರನ್ನು ನೋಡಿದಾಗ, ದೇವರು ಜೊತೆಗಿದ್ದಾರೆ ಎಂಬುದು ಅವಳಿಗೆ ಬೇರೆ ಯಾರೂ ಹೇಳದೆಯೇ ಗೊತ್ತಾಗುತ್ತದೆ.

ಹೊರಡುವ ಮುಂಚೆ ಒಂದು ಪ್ರಶ್ನೆ ಚೀಟಿಯಲ್ಲಿ ಬಂದಿದೆ. "ಎಷ್ಟು ಪ್ರಾರ್ಥನೆ ಮಾಡಿದರೂ ದೇವರು ಹತ್ತಿರ ಇದ್ದಾರೆ ಅಂತ ಅನ್ನಿಸುವುದಿಲ್ಲ, ಏನು ಮಾಡಲಿ?" ಹೆಸರು ಬರೆದಿಲ್ಲ, ಬೇಡ. ಅಮ್ಮಾ, ಅನ್ನಿಸುವುದು ಬೇರೆ, ಇರುವುದು ಬೇರೆ. ಗರ್ಭದಲ್ಲಿ ಮಗು ಮೊದಲ ತಿಂಗಳುಗಳಲ್ಲಿ ಅಲ್ಲಾಡುವುದು ನಮಗೆ ತಿಳಿಯುವುದಿಲ್ಲ, ಆದರೆ ಮಗು ಇದೆ. ಕೀರ್ತನೆ 139 ಓದಿಸಿ ಕೇಳಿ. ನಾನು ಕೂರುವುದೂ ಏಳುವುದೂ ದೇವರಿಗೆ ಗೊತ್ತು, ಕತ್ತಲೆಯೂ ಅವರಿಗೆ ಕತ್ತಲೆಯಲ್ಲ ಎನ್ನುವ ಅರ್ಥ ಅದರಲ್ಲಿದೆ. ಅನ್ನಿಸದ ದಿನ, ಅನ್ನಿಸ್ತಾ ಇಲ್ಲ ಸ್ವಾಮಿ ಅಂತಲೇ ಹೇಳಿ. ಸಭೆ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ, ಬೇಕಾದರೆ ಬಂದು ಮಾತಾಡಿ.

ಈಗ ಎರಡು ನಿಮಿಷ ಎಲ್ಲರೂ ಸುಮ್ಮನೆ ಕೂರೋಣ. ಮಕ್ಕಳು ಗಲಾಟೆ ಮಾಡಿದರೆ ಮಾಡಲಿ, ಗದರಿಸಬೇಡಿ. ಆಮೇಲೆ ಚಹಾ ಇದೆ, ನಂತರ ಲೆಕ್ಕಪತ್ರ ಮಂಡನೆ.